ಕಪಾಟಿನ ಹಿಂದಿನ ಒಂದು ಗೇಣು

ಮಲಗುವ ಕೋಣೆಯ ಕಪಾಟಿನಲ್ಲಿ ಒಂದು ಗೇಣು ಜಾಗ ಕಾಣೆಯಾಗಿದೆ ಎಂದು ಅವಳಿಗೆ ತಿಳಿದದ್ದು ನಾದಿನಿ ಬರಲಿದ್ದ ವಾರದಲ್ಲಿ.

ನಾದಿನಿ ಎಂದರೆ ಗಂಡನ ಒಬ್ಬಳೇ ತಂಗಿ. ತನ್ನ ಗಂಡ ತೀರಿಹೋದ ಮೇಲೆ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದವಳು. ಈಗ ಅವಳ ಮಂಡಿಗಳು ಹಟ ಹಿಡಿದು, ಇನ್ನು ಮೆಟ್ಟಿಲು ಹತ್ತಲು ಒಲ್ಲೆವೆಂದು ಕೂತಿದ್ದವು. ಇಲ್ಲಿಗೇ ಬಂದು ಇದ್ದುಬಿಡುವುದೆಂದು ಅಣ್ಣ ತಂಗಿ ಫೋನಿನಲ್ಲಿ ಮಾತಾಡಿಕೊಂಡರು. ಆಮೇಲೆ ಮನೆಯೊಡತಿಯಾದ ಅವಳನ್ನು ಕೇಳಿದರು. ಕೇಳಿದ್ದು ಆಮೇಲೆ ಎಂಬುದನ್ನು ಅವಳು ಮನಸ್ಸಿನಲ್ಲಿ ಗಂಟು ಹಾಕಿಟ್ಟುಕೊಂಡಳು. ಬಾಯಲ್ಲಿ ಮಾತ್ರ, ಬರಲಿ ಬಿಡಿ, ಅತ್ತೆ ಹೋದ ಮೇಲೆ ಅವರ ಕೋಣೆ ಖಾಲಿಯೇ ಇದೆಯಲ್ಲ ಎಂದಳು.

ಕೋಣೆ ಖಾಲಿ ಇತ್ತು, ನಿಜ. ಆದರೆ ಬಟ್ಟೆ ಇಡಲು ಅಲ್ಲಿ ಒಂದು ಗೂಟವೂ ಇರಲಿಲ್ಲ. ತಮ್ಮ ಕೋಣೆಯ ಕಪಾಟನ್ನೇ ಒಪ್ಪ ಮಾಡಿ ನಾದಿನಿಗೆ ಎರಡು ಖಾನೆ ಬಿಟ್ಟುಕೊಡಬೇಕಿತ್ತು. ಅದು ಅವಳಿಗೆ ಕಷ್ಟದ ಕೆಲಸವಲ್ಲ. ಅವಳ ದುಡಿಮೆಯೇ ಅದು. ಪಿಂಗಾಣಿ ಅಂಗಡಿಯ ಹಿಂಬದಿಯಲ್ಲಿ ಕೂತು, ಬಟ್ಟಲೊಳಗೆ ಬಟ್ಟಲು, ಅದರೊಳಗೆ ಲೋಟ, ಸಂದಿಗೆಲ್ಲ ಮುದುರಿದ ಕಾಗದ ತುಂಬಿ ಪೆಟ್ಟಿಗೆ ಕಟ್ಟುವವಳು. ಅವಳು ಕಟ್ಟಿದ ಪೆಟ್ಟಿಗೆಯಲ್ಲಿ ಗಾಳಿಗೂ ನಿಂತುಕೊಂಡೇ ಹೋಗಬೇಕು ಎಂದು ಅಂಗಡಿಯಲ್ಲಿ ನಗೆಯಾಡುತ್ತಿದ್ದರು.

ರಜೆಯ ದಿನ ಕಪಾಟಿನಲ್ಲಿದ್ದುದನ್ನೆಲ್ಲ ಮಂಚದ ಮೇಲೆ ಸುರಿದಳು. ಒಂದು ಮನೆ ಎಷ್ಟು ಸುಳ್ಳು ಕೂಡಿಟ್ಟುಕೊಂಡಿರುತ್ತದೆ ಎಂದು ತಿಳಿಯಬೇಕಾದರೆ ಕಪಾಟು ಖಾಲಿ ಮಾಡಬೇಕು. ತೆಳ್ಳಗಾದ ಮೇಲೆ ಹಾಕುವ ಅಂಗಿ, ರಿಪೇರಿಗೆ ಕೊಡುವ ಕೊಡೆ, ಯಾರಿಗಾದರೂ ಆಗುತ್ತದೆ ಎಂದಿಟ್ಟ ಬೂಟು. ಎಲ್ಲವನ್ನೂ ಮೂರು ರಾಶಿ ಮಾಡಿದಳು. ದಪ್ಪ ಹೊದಿಕೆಗಳನ್ನು ಮಡಚದೆ ಬಿಗಿಯಾಗಿ ಸುರುಳಿ ಸುತ್ತಿದಳು. ಅಂಗಿಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನಿಲ್ಲಿಸಿದಳು. ಕೆಳಗಿನದು ಎಳೆದರೆ ಮೇಲಿನದು ಬೀಳುವ ಕಾಟವಿಲ್ಲ. ಸಣ್ಣ ಬಟ್ಟೆಗಳಿಗೆ ಅಂಗಡಿಯಿಂದ ತಂದ ಖಾಲಿ ರಟ್ಟಿನ ಪೆಟ್ಟಿಗೆಗಳು. ಅವೇ ಅವಳ ಡ್ರಾಯರುಗಳು.

ಕೊನೆಗೆ ಊಟದ ತಟ್ಟೆಗಳ ಉದ್ದ ಪೆಟ್ಟಿಗೆಯೊಂದನ್ನು ಒಳಗೆ ತಳ್ಳಿದರೆ ಅದು ಬಾಗಿಲಿನಿಂದ ಹೊರಗೇ ಉಳಿಯಿತು. ಕಣ್ಣಳತೆಯಲ್ಲಿ ಅವಳು ತಪ್ಪಿದವಳಲ್ಲ. ಸ್ಟೂಲು ಹತ್ತಿ ಕಪಾಟಿನ ನೆತ್ತಿಯ ಮೇಲೆ ಗೋಡೆಯವರೆಗೆ ಕೈ ಚಾಚಿ ಅಳೆದಳು: ಒಂದು ಮೊಳದ ಮೇಲೆ ಒಂದು ಗೇಣು. ಒಳಗೆ ಕೈ ಚಾಚಿದಳು: ಬರೀ ಒಂದು ಮೊಳ. ಮತ್ತೆ ಅಳೆದಳು. ಗೇಣು ಸಿಗಲಿಲ್ಲ.

ಹಿಂಬದಿಯ ಹಲಗೆಗೆ ಬೆರಳ ಗಿಣ್ಣಿನಿಂದ ತಟ್ಟಿದಳು. ಖಾಲಿ ಇದ್ದರೆ ಟೊಳ್ಳು ಸದ್ದು ಬರಬೇಕು, ಗೋಡೆ ಇದ್ದರೆ ಗಟ್ಟಿ ಸದ್ದು. ಬಂದದ್ದು ಎರಡೂ ಅಲ್ಲ. ಹೊಟ್ಟೆ ತುಂಬಿದವನ ಬೆನ್ನು ತಟ್ಟಿದಂತೆ ಮಂದವಾಗಿ ಧಬ್ ಎಂದಿತು. ಅಂದರೆ ಒಳಗೆ ಏನೋ ತುಂಬಿತ್ತು.

ಬೇರೆ ಯಾರ ಕಪಾಟಾಗಿದ್ದರೂ ಅವಳು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಅವಳ ಗಂಡ ಬಡಗಿ. ಜೊತೆಯವರು ಅವನಿಗಿಟ್ಟ ಹೆಸರು ಕೂದಲೆಳೆ; ಎರಡು ಹಲಗೆಯ ನಡುವೆ ಕೂದಲೆಳೆ ತೂರುವಷ್ಟು ಸಂದಿದ್ದರೂ ಬಿಚ್ಚಿ ಮತ್ತೆ ಕೂಡಿಸುವವನು. ಊರವರ ಮನೆಗಳಲ್ಲಿ ಮೆಟ್ಟಿಲ ಕೆಳಗೆ, ಮಂಚದ ಹೊಟ್ಟೆಯಲ್ಲಿ, ಬಾಗಿಲ ನೆತ್ತಿಯ ಮೇಲೆ ಜಾಗ ಹುಟ್ಟಿಸಿ ಕೊಡುವ ಮನುಷ್ಯ ತನ್ನ ಮನೆಯಲ್ಲಿ ಇಡೀ ಒಂದು ಗೇಣನ್ನು ನುಂಗಿ ಕೂತನೆಂದರೆ ಅದು ಮರೆವಲ್ಲ.

ಈ ಕಪಾಟು ಎದ್ದು ನಿಂತದ್ದೂ ಒಂದು ಸೋಜಿಗವೇ. ಮದುವೆಯಾದ ವರ್ಷ ಅವಳು ತಾಯಿಗೆ ಹುಷಾರಿಲ್ಲವೆಂದು ತವರಿಗೆ ಹೋಗಿದ್ದಳು. ಹಿಂದಿರುಗಿದಾಗ ಗೋಡೆಗೆ ಒತ್ತಿಕೊಂಡು, ಈ ಮೂಲೆಯಿಂದ ಆ ಮೂಲೆಯವರೆಗೆ ಹೊಸ ಕಪಾಟು. ಅವಳು ಅದನ್ನು ಪ್ರೀತಿ ಎಂದುಕೊಂಡಿದ್ದಳು. ಇಷ್ಟು ವರ್ಷ ಹಾಗೆಯೇ ಅಂದುಕೊಂಡು ಒರೆಸಿದ್ದಳು.

ಸಂಜೆ ಗಂಡ ಬಂದಾಗ ನೇರವಾಗಿ ಕೇಳಲಿಲ್ಲ. ತಟ್ಟೆಗಳ ಪೆಟ್ಟಿಗೆ ಒಳಗೆ ಹೋಗುತ್ತಿಲ್ಲ, ಕಪಾಟು ಕುಗ್ಗಿದೆಯೇನೋ ಎಂದು ಗಾಳಿಯಲ್ಲಿ ಬಿಟ್ಟಳು. ಅವನು ಬೂಟು ಬಿಚ್ಚುತ್ತಿದ್ದವನು ಹಾಗೆಯೇ ನಿಂತ. ಹಳೆಯ ಕಾಲದ ಹಲಗೆ, ದಪ್ಪ ಇರುತ್ತದೆ ಎಂದ. ಗೇಣುದಪ್ಪದ ಹಲಗೆ ಯಾವ ಮರದಲ್ಲಿ ಸಿಗುತ್ತದೆ ಎಂದು ಕೇಳಬಹುದಿತ್ತು, ಕೇಳಲಿಲ್ಲ. ಕಳ್ಳನಿಗೆ ಹಗ್ಗ ಉದ್ದ ಬಿಡಬೇಕು ಎನ್ನುವುದು ಅವಳ ರೀತಿ.

ಅವನು ಆ ಹಗ್ಗ ಹಿಡಿದು ಓಡತೊಡಗಿದ. ಬಾಗಿಲ ಹಿಂದೆ ಕೊಕ್ಕೆ ಹಾಕಿಕೊಡುತ್ತೇನೆ ಎಂದ. ಮಂಚದ ಕೆಳಗೆ ಗಾಲಿಯ ಪೆಟ್ಟಿಗೆ ಮಾಡುತ್ತೇನೆ ಎಂದ. ವರ್ಷಗಳಿಂದ ಅಡುಗೆಮನೆಯ ಒಂದು ಮುರಿದ ಹಿಡಿಕೆ ಸರಿಮಾಡದವನಿಗೆ ಈಗ ಏನು ಉತ್ಸಾಹ. ಊಟದ ಹೊತ್ತಿಗೆ ಇನ್ನೊಂದು ಮಾತು ಹೊರಟಿತು: ತಂಗಿ ಅಮ್ಮನ ಕೋಣೆಯಲ್ಲಿ ಬೇಡ, ಹೊರಗಿನ ಕೋಣೆಯಲ್ಲೇ ಮಂಚ ಹಾಕೋಣ, ಅವಳಿಗೆ ಗಾಳಿ ಬೇಕು.

"ಇಷ್ಟು ದಿನ ಆ ಕೋಣೇಲಿ ಗಾಳಿ ಇರ್ಲಿಲ್ವಾ?" ಎಂದಳು ಅವಳು.

"ಹಾಗಲ್ಲ ಕಣೇ. ಒಂದು ಮಾತು ಹೇಳ್ದೆ ಅಷ್ಟೆ."

ಒಂದು ಮಾತು ಹೇಳುವವರ ಕಿವಿ ಕೆಂಪಾಗುವುದಿಲ್ಲ. ಅವನ ಕಿವಿ ಕೆಂಪಾಗಿತ್ತು.

ಮರುದಿನ ಅಂಗಡಿಯಲ್ಲಿ ಲೋಟಗಳಿಗೆ ಕಾಗದ ಸುತ್ತುತ್ತ ಅವಳು ತನಗೆ ಗೊತ್ತಿದ್ದುದನ್ನೆಲ್ಲ ಒಂದರೊಳಗೊಂದು ಕೂಡಿಸಿ ನೋಡಿದಳು. ಅತ್ತೆ ಕಣ್ಮುಚ್ಚುವ ಮೊದಲು ಮಗನನ್ನು ಒಬ್ಬನನ್ನೇ ಕರೆದು ಏನೋ ಪಿಸುಗುಟ್ಟಿದ್ದಳು. ಏನಂದರು ಎಂದು ಕೇಳಿದ್ದಕ್ಕೆ, ಏನಿಲ್ಲ, ತಂಗೀನ ನೋಡ್ಕೋ ಅಂದ್ರು ಎಂದಿದ್ದ. ಅತ್ತೆಯ ಚಿನ್ನ ಎಂದು ಸಂಬಂಧಿಕರೆಲ್ಲ ಹೇಳುತ್ತಿದ್ದ ಚಿನ್ನ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸೊಸೆಯೇ ಅಡಗಿಸಿರಬೇಕೆಂದು ಸಾವಿನ ಮನೆಯಲ್ಲೇ ಯಾರೋ ಅಂದದ್ದು ಅವಳ ಕಿವಿಗೆ ಬಿದ್ದಿತ್ತು. ಆಗ ಈ ಮನುಷ್ಯ ಬಾಯಿ ಬಿಟ್ಟಿರಲಿಲ್ಲ. ಈಗ ತಂಗಿ ಬರುತ್ತಿದ್ದಾಳೆ. ಹಾಗಾದರೆ ಅದು ತಂಗಿಗೆಂದೇ ಅಲ್ಲಿ ಕೂತಿದೆ; ಕಾವಲಿಗೆ ತಾನು, ಕಳ್ಳಿ ಎಂಬ ಹೆಸರಿಗೂ ತಾನು. ಪಕ್ಕದಲ್ಲಿ ಕೂತು ಪೆಟ್ಟಿಗೆ ಕಟ್ಟುವವಳಿಗೆ ಅರ್ಧ ಹೇಳಿದರೆ ಅವಳು ಉಳಿದರ್ಧಕ್ಕೆ ಒಗ್ಗರಣೆ ಹಾಕಿದಳು:

"ಗಂಡ ಹೆಂಡ್ತಿಯಿಂದ ಬಚ್ಚಿಡ್ತಾನೆ ಅಂದ್ರೆ ಇನ್ನೊಬ್ರಿಗೆ ಜೋಪಾನ ಮಾಡ್ತಿದಾನೆ ಅಂತಲೇ ಅರ್ಥ. ಕಿತ್ತು ನೋಡು."

ಅವಳು ಆ ಲೋಟಕ್ಕೆ ಎರಡು ಸಲ ಕಾಗದ ಸುತ್ತಿದಳು. ಅಲ್ಲಿ ಏನಿದೆಯೆಂದು ತಾನು ಕಾಣುವ ಮೊದಲು ನಾದಿನಿ ಆ ಮನೆಯ ಹೊಸ್ತಿಲು ದಾಟಕೂಡದು ಎಂದು ತೀರ್ಮಾನವಾಯಿತು. ದಾಟಿದರೆ ತಾನು ಆಚೆ. ತನ್ನ ಬೆನ್ನ ಹಿಂದೆ ಗುಟ್ಟು ಇಟ್ಟುಕೊಂಡ ಅಣ್ಣ ತಂಗಿಯರ ನಡುವೆ ಅನ್ನ ಬಡಿಸಿಕೊಂಡು ಇರುವುದು ತನ್ನಿಂದಾಗದು.

ಶನಿವಾರ ಮಧ್ಯಾಹ್ನ ಅವನು ಕೆಲಸದಲ್ಲಿದ್ದಾಗ ಅವಳು ಅಂಗಡಿಯಿಂದ ಬೇಗ ಬಂದು ಅವನದೇ ಹಳೆಯ ಉಳಿ, ಸುತ್ತಿಗೆ ಹಿಡಿದು ಕಪಾಟಿನೊಳಗೆ ಅರ್ಧ ಮೈ ತೂರಿಸಿದಳು. ಹತ್ತಿರದಿಂದ ನೋಡಿದರೆ ಆ ಹಲಗೆಗೆ ಮೊಳೆ ಹೊಡೆದಿತ್ತು. ಕೂದಲೆಳೆ ಮೊಳೆ ಹೊಡೆಯುವವನಲ್ಲ. ಮರಕ್ಕೆ ಮರದ್ದೇ ಗೂಟ ಕೊಟ್ಟು ಕೂಡಿಸುವವನು. ಮೊಳೆ ಹೊಡೆದಿದ್ದಾನೆಂದರೆ ಅವಸರದಲ್ಲಿ ಹೊಡೆದಿದ್ದಾನೆ. ಅವಳು ಸಂದಿಗೆ ಉಳಿ ಕೊಟ್ಟು ಹೊಡೆದಳು. ಹಲಗೆ ಕಿರ್ ಎಂದು ಬಾಯ್ಬಿಟ್ಟಿತು.

ಒಳಗಿನಿಂದ ಹಳೆಯ ಹತ್ತಿ ಅವಳ ಮಡಿಲಿಗೆ ಸುರಿಯಿತು.

ಹತ್ತಿ, ಚಿಂದಿ, ಹರಿದ ಹಾಸಿಗೆಯ ಹೊಟ್ಟೆ, ಗೋಣಿಚೀಲದಲ್ಲಿ ಮರದ ಹೊಟ್ಟು. ನಡುವೆ ಕೆಂಪು ಅಂಚಿನ ಒಂದು ಕಂಬಳಿ. ತವರಿಂದ ತಂದ ಅವಳದೇ ಕಂಬಳಿ, ಮದುವೆಯ ವರ್ಷವೇ ಕಳೆದುಹೋದದ್ದು. ನಾದಿನಿಯೇ ಎತ್ತಿಕೊಂಡು ಹೋಗಿದ್ದಾಳೆಂದು ಅವಳು ಅಂದಿನಿಂದ ಇಂದಿನವರೆಗೆ ನಂಬಿದ್ದಳು. ಕಂಬಳಿಯ ಮುಂದೆ ಸ್ವಲ್ಪ ಹೊತ್ತು ಕೂತಳು. ಆದರೆ ಅನುಮಾನ ಎನ್ನುವುದು ನಾಚಿಕೆಗೆ ಬಗ್ಗುವುದಿಲ್ಲ. ಕಂಬಳಿಯನ್ನು ಕೊಡವಿದಳು. ಚಿಂದಿಯನ್ನೆಲ್ಲ ಬೆರಳಲ್ಲಿ ಹಿಸುಕಿದಳು. ಹೊಟ್ಟನ್ನು ನೆಲಕ್ಕೆ ಸುರಿದು ಅಕ್ಕಿ ಆರಿಸಿದಂತೆ ಆರಿಸಿದಳು. ಹಿಂದಿನ ಬೋಳು ಗೋಡೆ ತಡವಿದಳು. ಚಿನ್ನದ ಚೂರೂ ಇಲ್ಲ, ಏನೂ ಇಲ್ಲ. ಏನೂ ಇಲ್ಲದ್ದನ್ನು ಬಚ್ಚಿಡುವ ಮನುಷ್ಯ ಏನಾದರೂ ಇದ್ದುದನ್ನು ಬಚ್ಚಿಡುವವನಿಗಿಂತ ಅಪಾಯ ಎಂದು ಅವಳಿಗೆ ಆ ಕ್ಷಣ ಅನ್ನಿಸಿತು.

ಅವನು ಬಂದಾಗ ಅವಳು ಇನ್ನೂ ಹೊಟ್ಟಿನ ನಡುವೆಯೇ ಕೂತಿದ್ದಳು. ಅವನು ನೋಡಿದ. ಬೈಯಲಿಲ್ಲ. ಮಂಚದ ತುದಿಯಲ್ಲಿ ಕೂತು ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡ.

"ಏನು ಇದು?" ಎಂದಳು.

"ಗೋಡೆ ತೆಳ್ಳಗಿತ್ತು."

"ಅದಕ್ಕೆ?"

"ಆ ಕಡೆ ಅಮ್ಮನ ಮಂಚ. ತಂಗೀಗೂ ಆಗ ಮದುವೆ ಆಗಿರ್ಲಿಲ್ಲ, ಅಲ್ಲೇ ಮಲಗ್ತಿದ್ಲು. ಮಲ್ಕೊಂಡು ಮಾತಾಡ್ತಿದ್ರು." ಅವನು ನೆಲ ನೋಡಿದ. "ನಿನ್ನ ಬಗ್ಗೆ. ನೀನು ದಿಂಬಿಗೆ ತಲೆ ಕೊಟ್ರೆ ಮುಗೀತು, ನಿದ್ದೆ. ನಾನು ಗೋಡೆ ಕಡೆ ಮಲಗ್ತಿದ್ದೆ. ಒಂದಿನ ನಿನಗೂ ಕೇಳಿಸುತ್ತೆ ಅಂತ ಹೆದರ್ಕೊಂಡೆ. ನೀನು ತವರಿಗೆ ಹೋದಾಗ ಕಪಾಟು ಮಾಡಿ, ಮನೇಲಿ ಕೈಗೆ ಸಿಕ್ಕಿದ್ದನ್ನೆಲ್ಲ ಹಿಂದೆ ತುಂಬ್ದೆ."

ಅಂದರೆ ಕಪಾಟಿಗೆಂದು ಆ ಹಲಗೆ ಬಂದದ್ದಲ್ಲ. ಆ ಹಲಗೆಗೆಂದು ಕಪಾಟು ಬಂದಿತ್ತು.

"ಏನಂತಿದ್ರು?"

"ಬಿಡೇ. ಸತ್ತೋರ ಮಾತು."

"ಒಬ್ಳು ಬದುಕಿದಾಳೆ, ನಾಳೆ ಬರ್ತಾಳೆ. ಹೋಗ್ಲಿ, ಅವರಂದಿದ್ದು ಬೇಡ. ನೀವೇನಂದ್ರಿ?"

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲವೋ, ಅರ್ಥವಾಗಿಯೂ ಸಿಕ್ಕಿಹಾಕಿಕೊಂಡನೋ, ತಲೆ ಎತ್ತಿದ.

"ಅವರು ಅಂತಿದ್ರಲ್ಲ, ಎದ್ದು ಆ ಕೋಣೆಗೆ ಹೋಗಿ ನೀವೇನಂದ್ರಿ ಅಂತ."

ಅವನು ಬಿಚ್ಚಿದ ಹಲಗೆಯ ಕಡೆ ನೋಡಿ ಎಂದ: "ಅವರ ಬಾಯಿ ಮುಚ್ಚಿಸೋಕೆ ನನ್ನಿಂದ ಆಗ್ಲಿಲ್ಲ. ಗೋಡೆ ಮುಚ್ದೆ."

ಅವಳಿಗೆ ಅಳು ಬರಬೇಕಿತ್ತು. ಬಂದದ್ದು ಲೆಕ್ಕ ತಪ್ಪಿದ ಪೆಟ್ಟಿಗೆಯ ಮುಂದೆ ಬರುವಂಥ ಸಿಟ್ಟು. ಇದನ್ನು ಪ್ರೀತಿಯ ರಾಶಿಗೆ ಹಾಕುವುದೋ ಹೇಡಿತನದ ರಾಶಿಗೋ ತಿಳಿಯಲಿಲ್ಲ. ಮೂರನೆಯ ರಾಶಿಯೊಂದು ಇರುತ್ತದಲ್ಲ, ಎಸೆಯಲೂ ಆಗದ ಇಡಲೂ ಆಗದ ವಸ್ತುಗಳದ್ದು, ಅಲ್ಲಿಗೆ ಹಾಕಿದಳು. ಅವನು ಎದ್ದು ಹಲಗೆ ಎತ್ತಿಕೊಂಡು, ರಾತ್ರಿಯೊಳಗೆ ಕೂಡಿಸಿಬಿಡುತ್ತೇನೆ ಎಂದ.

"ಬೇಡ," ಎಂದಳು ಅವಳು. "ಜಾಗ ಬೇಕು ನನಗೆ. ಅವಳು ಆ ಕೋಣೇಲೇ ಮಲಗ್ಲಿ. ಮಾತಾಡಿದ್ರೆ ಕೇಳಿಸ್ಲಿ. ನನಗೂ ಕೇಳಿಸ್ಲಿ, ನಿಮಗೂ ಕೇಳಿಸ್ಲಿ. ಈ ಸಲ ಗೋಡೆಗೇನೂ ಮಾಡೋ ಹಾಗಿಲ್ಲ ನೀವು."

ಭಾನುವಾರ ನಾದಿನಿ ಬಂದಳು. ಎರಡು ಚೀಲ, ಒಂದು ಊರುಗೋಲು. ಕಪಾಟಿನಲ್ಲಿ ತನಗೆಂದು ಬಿಟ್ಟ ಎರಡು ಖಾನೆ ನೋಡಿ, ಅತ್ತಿಗೆ ಇಷ್ಟೊಂದು ಯಾಕೆ ಎಂದಳು. ನಕ್ಕಳು. ಅವಳೂ ನಕ್ಕಳು. ಮಧ್ಯಾಹ್ನ ಊಟವಾಗಿ ನಾದಿನಿ ಆ ಕೋಣೆಯಲ್ಲಿ ಒರಗಿದಾಗ ಗಂಡ ಹೆಂಡತಿ ಈಚೆ ಉಳಿದ ಬಟ್ಟೆ ಜೋಡಿಸುತ್ತಿದ್ದರು. ಒಂದು ದೊಡ್ಡ ಹೊದಿಕೆಯ ಎರಡು ತುದಿ ಅವನ ಕೈಯಲ್ಲಿ, ಎರಡು ಅವಳ ಕೈಯಲ್ಲಿ.

ತೆರೆದ ಕಪಾಟಿನೊಳಗಿಂದ ಮಾತು ಬಂತು. ನಾದಿನಿ ಹಳೆಯ ಮನೆಯ ನೆರೆಯವಳೊಡನೆ ಫೋನಿನಲ್ಲಿದ್ದಳು. ಪಕ್ಕದಲ್ಲೇ ಕೂತು ಹೇಳಿದಷ್ಟು ಸ್ಪಷ್ಟ.

"ಇಲ್ಲಪ್ಪ, ಚೆನ್ನಾಗೇ ನೋಡ್ಕೊಂಡ್ಲು. ನನ್ನ ಬಟ್ಟೇನ ಹೇಗೆ ತುರುಕಿದಾಳೆ ನೋಡ್ಬೇಕು ನೀನು. ಮನುಷ್ಯರನ್ನೂ ಹಾಗೇ ಅವಳು. ನಮ್ಮಣ್ಣನ್ನ ಯಾವ ಡಬ್ಬೀಲಿ ಹಾಕಿಟ್ಟಿದಾಳೋ, ಅವನು ದನಿ ಎತ್ತಿ ಎಷ್ಟು ವರ್ಷ ಆಯ್ತೋ. ಅಮ್ಮ ಮೊದಲೇ ಹೇಳ್ತಿದ್ಲು, ಈ ಹೆಣ್ಣು..."

ಅವಳಿಗೆ ಒಂದು ಕ್ಷಣ ನಗು ಬಂತು, ಡಬ್ಬಿಯ ಮಾತು ಹಾಗಿತ್ತು. ನಗು ಇಳಿಯುವ ಮೊದಲೇ ಗಂಡನ ಮುಖ ನೋಡಿದಳು. ಅವನು ಹೊದಿಕೆಯ ತುದಿ ಹಿಡಿದು ನಿಂತಿದ್ದ. ಅವಳು ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ.

ಅವನು ತನ್ನ ಎರಡು ತುದಿಗಳನ್ನು ತಂದು ಅವಳ ಕೈಗೆ ಕೊಟ್ಟು ಹೊರಗೆ ಹೋದ. ಆಚೆ ಬಾಗಿಲು ಸದ್ದಾಯಿತು. ಕಪಾಟಿನೊಳಗಿಂದ ಅವನ ದನಿ ಬಂತು, ಒಣಗಿದ ದನಿ, ಬಳಸಿ ರೂಢಿಯಿಲ್ಲದ್ದು.

"ಫೋನ್ ಇಡು. ಅಮ್ಮ ಹೇಳ್ತಿದ್ಲು ಅಂದ್ಯಲ್ಲ, ಅದು ಅವಾಗ್ಲೂ ಸುಳ್ಳೇ. ಆಗ ನಾನು ಹೇಳ್ಲಿಲ್ಲ, ತಪ್ಪು ನಂದು. ಇಲ್ಲಿರ್ಬೇಕು ಅಂದ್ರೆ ಅವಳ ಬಗ್ಗೆ ಆ ಮಾತು ಬೇಡ."

ಫೋನು ಮಂಚದ ಮೇಲೆ ಇಟ್ಟ ಸದ್ದಾಯಿತು. ಆಮೇಲೆ ನಾದಿನಿ ಸಣ್ಣಗೆ, "ಆಯ್ತಣ್ಣ" ಎಂದದ್ದು ಕೇಳಿಸಿತು.

ಅವಳು ಹೊದಿಕೆಯನ್ನು ಎದೆಗೊತ್ತಿಕೊಂಡು ಒಬ್ಬಳೇ ಮಡಚತೊಡಗಿದಳು. ತಾನು ಈಚೆ ಕೇಳುತ್ತಿದ್ದೇನೆಂದು ಗೊತ್ತಿದ್ದೇ ಅವನು ಅಷ್ಟು ಗಟ್ಟಿಯಾಗಿ ಹೇಳಿದನೇ ಎಂಬ ಸಂಶಯ ಬಾರದೆ ಇರಲಿಲ್ಲ. ಬಂತು. ಬರಲಿ ಎಂದುಕೊಂಡಳು. ಯಾರಿಗೆಂದು ಹೇಳಿದರೂ ಹೇಳಿದವನು ಅವನೇ, ಹೇಳಿದ್ದು ಬಾಯಿಂದಲೇ. ಅವನು ವಾಪಸು ಬರುವ ಹೆಜ್ಜೆ ಸದ್ದು ಕೇಳಿ, ಹೊದಿಕೆಯ ಎರಡು ತುದಿಗಳನ್ನು ಮತ್ತೆ ಬಿಡಿಸಿ ಅವನಿಗೆಂದು ಮುಂದೆ ಚಾಚಿದಳು.