ನಲವತ್ತನಾಲ್ಕು ಚಪ್ಪಲಿ, ಆರು ಹೆಸರು

ನಮ್ಮ ಹೊಲಿಗೆ ಕಾರ್ಖಾನೆಯಲ್ಲಿ ನಾವು ಇಪ್ಪತ್ತೆರಡು ಜನ ಶಾಲಾ ಸಮವಸ್ತ್ರ ಹೊಲಿಯುತ್ತಿದ್ದೆವು. ನಾನು ಕಾಲರ್, ನಮ್ಮತ್ತೆ ಗುಂಡಿ. ಬಿಳಿ ಬಟ್ಟೆಗೆ ಧೂಳು ತಾಗಬಾರದೆಂದು ಎಲ್ಲರೂ ಚಪ್ಪಲಿಯನ್ನು ಬಾಗಿಲ ಹೊರಗೇ ಬಿಡಬೇಕು. ಹಾಜರಿ ಪುಸ್ತಕದಲ್ಲಿ ಮಾತ್ರ ಆರೇ ಹೆಸರು. ಅತ್ತೆಯದೂ ಇರಲಿಲ್ಲ, ನನ್ನದೂ ಇರಲಿಲ್ಲ.

ಕಾರ್ಮಿಕ ಇಲಾಖೆಯ ಜೀಪು ಬೀದಿ ತುದಿಯಲ್ಲಿ ಕಂಡರೆ ಯಜಮಾನರು ಎರಡು ಸಲ ಚಪ್ಪಾಳೆ ತಟ್ಟುತ್ತಿದ್ದರು. ಪುಸ್ತಕದಲ್ಲಿಲ್ಲದ ಹದಿನಾರು ಜನ ಹಿಂದಿನ ಕೋಣೆಗೆ ನುಗ್ಗಿ, ಬಟ್ಟೆ ಸುರುಳಿಗಳ ನಡುವೆ ಉಸಿರು ಬಿಗಿಹಿಡಿದು ಕೂರಬೇಕು. ಈ ವಿದ್ಯೆಯಲ್ಲಿ ನಮ್ಮತ್ತೆ ಎತ್ತಿದ ಕೈ. ಗುಂಡಿ ಡಬ್ಬಿ ಸಮೇತ ಎಲ್ಲರಿಗಿಂತ ಮೊದಲು ಒಳಗಿರುತ್ತಿದ್ದರು.

"ನಾವೇನು ಕದ್ದಿದ್ದೀವಾ, ಬಚ್ಚಿಟ್ಕೊಳ್ಳೋಕೆ?" ಎಂದು ಒಂದು ದಿನ ಊಟದ ಹೊತ್ತಿನಲ್ಲಿ ಇಸ್ತ್ರಿ ಅಕ್ಕ ಕೇಳಿದಳು. ಹಿಂದೆ ದೊಡ್ಡ ಕಾರ್ಖಾನೆಯಲ್ಲಿ ದುಡಿದವಳು, ನಾಲ್ಕು ವಿಷಯ ತಿಳಿದವಳು. "ಕನಿಷ್ಠ ಇಷ್ಟು ಕೂಲಿ ಕೊಡ್ಲೇಬೇಕು ಅಂತ ಸರ್ಕಾರ ಗೊತ್ತುಮಾಡಿದೆ. ನಮಗೆ ಸಿಗೋದು ಅದರ ಮುಕ್ಕಾಲು. ಹೊತ್ತು ಮೀರಿ ದುಡಿಸಿದ್ರೆ ದುಪ್ಪಟ್ಟು ಕೊಡ್ಬೇಕು. ನಮಗೆ ಕೊಡೋದು ಅರ್ಧ ಲೋಟ ಟೀ."

"ಸುಮ್ನಿರೇ ತಾಯಿ," ಎಂದರು ಅತ್ತೆ. "ಕಾನೂನು ಒಳಗೆ ಬಂದ್ರೆ ಕೆಲಸ ಹೊರಗೆ ಹೋಗುತ್ತೆ. ಅಂಗಡಿ ಮುಚ್ಚಿದ್ರೆ ಈ ವಯಸ್ಸಲ್ಲಿ ನನ್ನ ಯಾರು ಕರೀತಾರೆ? ನಮ್ಮನೇಲಿ ಐದು ಹೊಟ್ಟೆ ನಡೀತಿರೋದೇ ಅತ್ತೆ ಸೊಸೆ ಕೂಲೀಲಿ."

ನನಗೂ ಅದೇ ಭಯವಿತ್ತು.

ಅವತ್ತೇ ಮಧ್ಯಾಹ್ನ ಚಪ್ಪಾಳೆ ಬಿತ್ತು. ನಾವು ಕೋಣೆ ಸೇರಿದೆವು. ಹೊಸ ಅಧಿಕಾರಿ ಹೆಂಗಸು. ಅವರೂ ಬಾಗಿಲಲ್ಲಿ ಚಪ್ಪಲಿ ಬಿಡಲು ಬಗ್ಗಿದರಂತೆ, ಬಗ್ಗಿದವರು ಅಲ್ಲೇ ನಿಂತು ಎಣಿಸಿದರಂತೆ.

"ಯಜಮಾನ್ರೇ, ಒಳಗೆ ಆರು ಜನ, ಹೊರಗೆ ನಲವತ್ತನಾಲ್ಕು ಚಪ್ಪಲಿ. ನಿಮ್ಮ ಕೆಲಸಗಾರರಿಗೆ ತಲಾ ಏಳು ಕಾಲಾ?"

ಯಜಮಾನರ ದನಿ ಸಣ್ಣದಾಯಿತು. "ಅವೆಲ್ಲ ಹಳೇವು ಮೇಡಂ. ಯಾರೋ ಬಿಟ್ಟು ಹೋಗಿರೋದು."

"ಹಾಗಾದ್ರೆ ಆ ನೀಲಿ ಪಟ್ಟಿಯದರಿಂದ ಶುರುಮಾಡಿ, ಎಲ್ಲಾ ಕಸಕ್ಕೆ ಹಾಕಿಸಿ."

ನೀಲಿ ಪಟ್ಟಿ ಚಪ್ಪಲಿಗೆ ಆಗ ನಾಲ್ಕು ದಿನದ ವಯಸ್ಸು. ನನ್ನ ಪಕ್ಕದಲ್ಲಿದ್ದ ಬಟ್ಟೆ ಸುರುಳಿ ಅಲುಗಿತು.

"ಅಯ್ಯೋ, ಅದು ನಂದು. ಎಸೀಬೇಡ್ರಮ್ಮ," ಎನ್ನುತ್ತ ನಮ್ಮತ್ತೆ ಹೊರಗೆ ಓಡಿದರು. ಇನ್ನು ಬಚ್ಚಿಡಲು ಏನು ಉಳಿಯಿತು? ಹಿಂದೆಯೇ ನಾವು ಹದಿನೈದು ಜನ ಸಾಲಾಗಿ ಬಂದೆವು. ಇಸ್ತ್ರಿ ಅಕ್ಕ ನಕ್ಕೂ ನಕ್ಕೂ ನೆಲಕ್ಕೆ ಕೂತಳು.

ಅತ್ತೆ ಮಾತ್ರ ಚಪ್ಪಲಿಯನ್ನು ಎದೆಗವಚಿಕೊಂಡು ಕೇಳಿದರು, "ನನ್ನ ಕೆಲಸ ತೆಗೆಸ್ತೀರಾ?"

"ನಿಮ್ಮ ಹೆಸರು ಬರೆಸೋಕೆ ಬಂದಿದ್ದೀನಮ್ಮ, ಕೆಲಸ ತೆಗೆಸೋಕಲ್ಲ," ಎಂದು ಅಧಿಕಾರಿ ಅವರನ್ನು ಸ್ಟೂಲಿನ ಮೇಲೆ ಕೂರಿಸಿದರು. "ಹೆಸರಿದ್ರೆ ಪೂರ್ತಿ ಕೂಲಿ, ವಾರಕ್ಕೊಂದು ರಜೆ. ಸೂಜಿ ಬೆರಳಿಗೆ ನೆಟ್ರೆ ಆಸ್ಪತ್ರೆ ಖರ್ಚು ಕೇಳೋ ಹಕ್ಕು."

ಯಜಮಾನರು ಕೈ ಹಿಸುಕಿಕೊಂಡರು. "ನಾನೊಬ್ಬ ಕೊಟ್ರೆ ಮುಳುಗಿಹೋಗ್ತೀನಿ. ಪಕ್ಕದ ಬೀದಿಯವನು ಕೊಡಲ್ಲ. ಕಮ್ಮಿ ಬೆಲೆಗೆ ಹೊಲಿದು ನನ್ನ ಆರ್ಡರೆಲ್ಲ ಹೊಡ್ಕೋತಾನೆ."

ಆ ಮಾತಿನಲ್ಲಿ ಸತ್ಯವಿತ್ತು.

"ಇಲ್ಲಿಂದ ನೇರ ಅವರ ಹತ್ರಾನೇ ಹೋಗ್ತಿರೋದು," ಎಂದರು ಅಧಿಕಾರಿ. "ಎಲ್ರಿಗೂ ಒಂದೇ ಅಳತೆ ಆದ್ರೆ ಕೂಲಿ ಕತ್ತರಿಸಿ ಆರ್ಡರ್ ಹೊಡೆಯೋಕೆ ಯಾರಿಗೂ ಆಗಲ್ಲ. ಅಳತೆ ಇರೋದು ಸರಿ, ಅದನ್ನ ಹಿಡಿದು ನೋಡೋರೂ ಬೇಕಲ್ಲ."

ಅವತ್ತೇ ನಮ್ಮ ಹದಿನಾರು ಹೆಸರೂ ಪುಸ್ತಕ ಸೇರಿದವು. ಯಜಮಾನರು ಒಂದು ತಿಂಗಳು ಮುಖ ಊದಿಸಿಕೊಂಡೇ ಇದ್ದರು. ಅರ್ಧ ಲೋಟ ಟೀಯೂ ನಿಂತಿತು. ಆದರೆ ಪಕ್ಕದ ಬೀದಿಯವನೂ ಬೆಲೆ ಏರಿಸಿದ, ನಮ್ಮ ಆರ್ಡರ್ ಎಲ್ಲಿಗೂ ಹೋಗಲಿಲ್ಲ. ಯಾರ ಕೆಲಸವೂ ಹೋಗಲಿಲ್ಲ. ಹೊತ್ತು ಮೀರಿದ ದುಡಿತಕ್ಕೆ ದುಪ್ಪಟ್ಟು ತೆರುವುದಕ್ಕಿಂತ ಇನ್ನಿಬ್ಬರನ್ನು ಸೇರಿಸುವುದೇ ಅಗ್ಗವೆಂದು ಯಜಮಾನರಿಗೆ ಹೊಳೆಯಿತು. ಆ ಇಬ್ಬರಲ್ಲಿ ಒಬ್ಬಳು, ಎರಡು ವರ್ಷದಿಂದ ಕೆಲಸ ಹುಡುಕಿ ಸೋತಿದ್ದ ನನ್ನ ನಾದಿನಿ. ಪೂರ್ತಿ ಕೂಲಿ ಮೊದಲ ಸಲ ಕೈಗೆ ಬಂದ ದಿನ ನಾವು ಮೂವರೂ ಬೀದಿಯುದ್ದಕ್ಕೂ ನಗುತ್ತಲೇ ಮನೆಗೆ ನಡೆದೆವು. ಅಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ.

ಮೊನ್ನೆ ಜೀಪು ಮತ್ತೆ ಬಂತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅತ್ತೆ ಮಾತ್ರ ಎದ್ದು ಬಾಗಿಲಿಗೆ ಹೋಗಿ, ಚಪ್ಪಲಿಗಳನ್ನೆಲ್ಲ ಜೋಡಿ ಜೋಡಿಯಾಗಿ ಸಾಲಿಗಿಟ್ಟರು. ನೀಲಿ ಪಟ್ಟಿಯದು ಎಲ್ಲಕ್ಕಿಂತ ಮುಂದೆ.

"ಎಣಿಸ್ಕೊಳ್ಳಿ ಮೇಡಂ," ಎಂದರು. "ಇಪ್ಪತ್ನಾಲ್ಕು ಜೋಡಿ. ಪುಸ್ತಕದಲ್ಲೂ ಅಷ್ಟೇ."

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಾಳೆ ಕೆಲಸಕ್ಕೆ ಹೋದಾಗ ನೀವೂ ಬಾಗಿಲ ಚಪ್ಪಲಿ ಎಣಿಸಿ. ಪುಸ್ತಕದಲ್ಲಿ ನಿಮ್ಮ ಹೆಸರಿದೆಯಾ ಕೇಳಿ. ಇಲ್ಲದಿದ್ದರೆ ನಾಲ್ಕು ಜನ ಜೊತೆಗೂಡಿ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ಚಪ್ಪಲಿ ಬಾಗಿಲಲ್ಲಿ ರಾಜಾರೋಷವಾಗಿ ಕೂತಿರುವಾಗ ನೀವೇಕೆ ಕತ್ತಲೆ ಕೋಣೆಯಲ್ಲಿ ಕೂರಬೇಕು? ಹೊರಗೆ ಬನ್ನಿ.