ಎಂಜಿನ್ ಬಂದ್ ಮಾಡಬ್ಯಾಡ

ಬೆಳಿಗ್ಗೆ ಚಾಲೂ ಮಾಡಿದ ಎಂಜಿನ್ನನ್ನು ಸಂಜೆಯವರೆಗೆ ಬಂದ್ ಮಾಡುವಂತಿರಲಿಲ್ಲ. ಬ್ಯಾಟರಿ ಹೋಗಿತ್ತು. ದಿನಾ ಬೆಳಿಗ್ಗೆ ನಾಗಲಿಂಗ ಟ್ರ್ಯಾಕ್ಟರ್ ತಂದು, ಅದರ ಬ್ಯಾಟರಿಯಿಂದ ಕಟಾವು ಮಷಿನ್ನಿಗೆ ವಾಯರ್ ಹಚ್ಚಿ, ಚಾಲೂ ಮಾಡಿಕೊಟ್ಟು ಹೋಗುತ್ತಿದ್ದ. ಆಮೇಲೆ ಮಷಿನ್ ನಡೆಸುವ ನನ್ನ ಮಗ ರಾಮಲಿಂಗ ಊಟಕ್ಕೆ ಇಳಿದಾಗಲೂ ಅದು ಗುರುಗುಡುತ್ತಲೇ ಇರಬೇಕು. ಅದರ ಪಕ್ಕದಲ್ಲೇ ಕುಳಿತು ರೊಟ್ಟಿ ತಿನ್ನುತ್ತಿದ್ದ. ನಾನು ಏನು ಕೇಳಿದರೂ "ಆಂ?" ಅನ್ನುತ್ತಿದ್ದ. ಮನೆಗೆ ಬಂದ ಮೇಲೂ ಅವನ ಕಿವಿ ಸರಿಯಾಗಲು ಒಂದು ತಾಸು ಬೇಕಾಗುತ್ತಿತ್ತು.

ಮಷಿನ್ನು ಬೆಳಗಾವಿಯ ವಿನಯ ಸಾವಕಾರರದು. ಖಾನಾಪುರ ಕಡೆಯ ನಮ್ಮ ಭತ್ತದ ಗದ್ದೆಗಳು ಸಣ್ಣವು, ಅಷ್ಟು ದೊಡ್ಡ ಮಷಿನ್ನಿಗೆ ತಿರುಗಲು ಜಾಗವಿರುವುದಿಲ್ಲ. ಅದಕ್ಕೇ ಅದು ಇಳಿಯುವ ಮೊದಲು ನಾವು ಆರು ಮಂದಿ ಹೆಂಗಸರು ನಾಲ್ಕೂ ಮೂಲೆಗಳನ್ನು ಕುಡಗೋಲಿನಿಂದ ಕೊಯ್ದು ಬಯಲು ಮಾಡಿಕೊಡಬೇಕು. ಒಂದು ಕಾಲಕ್ಕೆ ಇಡೀ ಗದ್ದೆ ನಮ್ಮದೇ ಕೆಲಸವಾಗಿತ್ತು. ಈಗ ಮೂಲೆ ಮಾತ್ರ ಉಳಿದಿವೆ.

ಆದರೂ ಆ ಮಷಿನ್ನನ್ನು ನಾನು ಬೈದಿಲ್ಲ. ಮುಂದಿನ ಬ್ಲೇಡು ಕೊಯ್ಯುತ್ತದೆ, ಚೈನು ಪೈರನ್ನು ಒಳಗೆ ಎಳೆದುಕೊಳ್ಳುತ್ತದೆ, ಡ್ರಮ್ಮು ಬಡಿಯುತ್ತದೆ, ಫ್ಯಾನು ತೂರುತ್ತದೆ, ಜರಡಿ ಸೋಸುತ್ತದೆ. ನಮ್ಮ ಕೈಗಳು ಮಾಡುತ್ತಿದ್ದದ್ದನ್ನೇ ಅದು ಮಾಡುತ್ತದೆ. ರಾಮಲಿಂಗ ಅದನ್ನು ಎಮ್ಮೆಯ ಮೈ ತೊಳೆದಂತೆ ನೋಡಿಕೊಳ್ಳುತ್ತಿದ್ದ. ದಿನಾ ಗ್ರೀಸು ಹಾಕುತ್ತಿದ್ದ. ರೇಡಿಯೇಟರಿನ ಜಾಳಿಗೆಗೆ ಹತ್ತಿದ ಹೊಟ್ಟನ್ನು ನನ್ನ ಹಳೆಯ ಕಸಬರಿಗೆಯಿಂದ ಉದುರಿಸುತ್ತಿದ್ದ. ಆದರೆ ಬ್ಯಾಟರಿ, ಬೆಲ್ಟು ಬದಲಿಸುವುದು ಅವನ ಕೈಯಲ್ಲಿರಲಿಲ್ಲ. ಡ್ರಮ್ಮು ನಿಲ್ಲಿಸುವ ಲಿವರ್ ಸವೆದುಹೋಗಿತ್ತು. ಎಳೆದರೆ ಡ್ರಮ್ಮು ನಿಂತಂತೆ ಕಾಣುತ್ತಿತ್ತು. ಆದರೆ ಬೆಲ್ಟು ಪೂರ್ತಿ ಬಿಡದೆ, ಅದು ಯಾವಾಗಲೋ ಒಮ್ಮೆಲೇ ಮತ್ತೆ ತಿರುಗುತ್ತಿತ್ತು. ಮಷಿನ್ನಿನ ಸದ್ದು ಸ್ವಲ್ಪ ಬದಲಾದರೂ ಮೂಲೆಯಲ್ಲಿ ನನ್ನ ಕುಡಗೋಲು ನಿಲ್ಲುತ್ತಿತ್ತು.

"ಸುಗ್ಗಿ ಮುಗೀಲಿ, ಎಲ್ಲಾ ಹೊಸಾದು ಹಾಕಸೂಣು," ಅನ್ನುತ್ತಿದ್ದರು ಸಾವಕಾರರು.

ಹೋದ ವರ್ಷವೂ ಅದನ್ನೇ ಅಂದಿದ್ದರು. ಆಗ ನಮ್ಮ ಆರು ಮಂದಿಯಲ್ಲೊಬ್ಬಳಾದ ಕಾಂತಾಳ ಗಂಡ ಹಣಮಪ್ಪ ಈ ಮಷಿನ್ನಿಗೆ ಡ್ರೈವರ್ ಆಗಿದ್ದ. ಅದೇ ಡ್ರಮ್ಮಿನಲ್ಲಿ ಸಿಕ್ಕ ಹುಲ್ಲು ತೆಗೆಯಲು ಹೋಗಿ ಬಲಗೈಯ ನಾಲ್ಕು ಬೆರಳು ಕಳೆದುಕೊಂಡ. ಬೆಳಗಾವಿಯ ನೆಹರು ನಗರದ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಸಾವಕಾರರು ಅವನಿಗೆ ಪಾಠ ಹೇಳಿದ್ದರು: "ಮನ್ಯಾಗ ಮೇವು ಕತ್ತರಸೂ ಮುಂದ ಆತು ಅನ್ನು. ಇಲ್ಲಂದ್ರ ಪೊಲೀಸ್ರು ನಿನ್ನನ್ನ ಹಿಡೀತಾರ." ಹಣಮಪ್ಪ ನಂಬಿದ. ಆಸ್ಪತ್ರೆಯಲ್ಲಿ ಹಾಗೇ ಬರೆಸಿದ. ಅವನ ಮನೆಯಲ್ಲಿ ಮೇವು ಕತ್ತರಿಸುವ ಮಷಿನ್ನೇ ಇಲ್ಲ. ಎಮ್ಮೆಯೂ ಇಲ್ಲ.

ಈ ಸುಗ್ಗಿಯ ಒಂದು ಬೆಳಿಗ್ಗೆ ಇಬ್ಬನಿ ಜೋರಾಗಿತ್ತು. ಹಸಿ ಪೈರು ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ, ಬಿಸಿಲು ಬೀಳುವವರೆಗೆ ತಡೆಯೋಣ ಎಂದು ರಾಮಲಿಂಗ ಸಾವಕಾರರಿಗೆ ಫೋನಿನಲ್ಲಿ ಹೇಳಿದ.

"ಬಿಸಲಿಗೆ ಕಾಯ್ಕೋತ ಕುಂತ್ರ ಬಾಜೂ ಊರಿನವ್ರು ಬ್ಯಾರೆ ಮಷಿನ್ ತರಸ್ತಾರ. ಇಳಸು ಗದ್ದ್ಯಾಗ," ಅಂದರು ಸಾವಕಾರರು.

ಎರಡನೇ ಸುತ್ತಿಗೆ ಹಸಿ ಹುಲ್ಲು ಸಿಕ್ಕಿಕೊಂಡು ಡ್ರಮ್ಮು ಕಟ್ಟಿತು. ರಾಮಲಿಂಗ ಲಿವರ್ ಎಳೆದು ಇಳಿದ. ಬದಿಯ ಬಾಗಿಲು ತೆರೆದ. ತೋಳು ಮಡಚಿದ.

ನಾನು ಕುಡಗೋಲು ಬಿಸಾಕಿ ಓಡಿದೆ. ಅವನ ಮುಂಗೈ ಹಿಡಿದೆ.

"ಎಂಜಿನ್ ಬಂದ್ ಮಾಡೋ."

"ಬಂದ್ ಮಾಡಿದ್ರ ಮತ್ತ ಚಾಲೂ ಆಗಂಗಿಲ್ಲ ಬೇ. ನಾಗಲಿಂಗ ಬೆಳಗಾವಿಗೆ ಹೋಗ್ಯಾನ."

"ಆಗೂದ ಬ್ಯಾಡ."

"ಕೆಲಸ ಹೋಗತೈತಿ!"

"ಹೋಗಲಿ."

"ಒಂದ ಮಿನಿಟು. ಬಾಜೂ ಸರಿ, ಯವ್ವಾ."

ಅವನು ಕೈ ಕೊಸರಿಕೊಂಡ. ಸಣ್ಣವನಿದ್ದಾಗ ಒಲೆಯ ಹತ್ತಿರ ಹೋದರೆ ಇದೇ ಕೈ ಹಿಡಿದು ಎಳೆಯುತ್ತಿದ್ದೆ. ಈಗ ಅವನ ಬಲದ ಮುಂದೆ ನನ್ನದು ನಡೆಯಲಿಲ್ಲ.

"ಹಂಗಾರ ನಾನ ತಗೀತೀನಿ," ಎಂದು ಬಳೆ ಮೇಲಕ್ಕೆ ಸರಿಸಿ ಬಾಗಿಲೊಳಗೆ ಕೈ ಚಾಚಿದೆ.

"ಹುಚ್ಚು ಹಿಡದೈತೇನ ನಿನಗ!"

ಅವನು ನನ್ನನ್ನು ಹಿಂದಕ್ಕೆ ಎಳೆದ. ಅಷ್ಟರಲ್ಲಿ ಡ್ರಮ್ಮು ಟಕ್ಕನೆ ಅರ್ಧ ಸುತ್ತು ತಿರುಗಿತು. ಇಬ್ಬರೂ ನೋಡಿದೆವು. ಅವನು ಏಣಿ ಹತ್ತಿ ಎಂಜಿನ್ ಬಂದ್ ಮಾಡಿದ.

ಗದ್ದೆ ಸುಮ್ಮನಾಯಿತು. ದೂರದಲ್ಲಿ ಲೋಂಡಾ ಕಡೆಗೆ ರೈಲು ಹೋಗುವುದು ಕೇಳಿಸಿತು.

ಕಾಂತಾ ಬಂದು ನಿಂತಳು. "ಅಕ್ಕಾ, ಅವತ್ತ ನಾನೂ ಹಿಂಗ ಓಡಿ ಬರಬೇಕಿತ್ತು."

"ಅವತ್ತ ನಿನಗ ಗೊತ್ತಿರಲಿಲ್ಲ ತಂಗಿ. ಇವತ್ತ ಎಲ್ಲಾರಿಗೂ ಗೊತ್ತೈತಿ."

"ಹಂಗಾರ ಹೊಸಾ ಬ್ಯಾಟರಿ, ಬೆಲ್ಟು ಬರೂತನಕ ಮೂಲಿ ಕೊಯ್ಯೂದು ಬ್ಯಾಡ," ಅಂದಳು ಕಾಂತಾ. "ಯಾ ಡ್ರೈವರ್ ಬಂದ್ರೂ ಮಷಿನ್ ಎಲ್ಲಿ ತಿರಗಸ್ತಾನ, ನೋಡೂಣು."

ಆರೂ ಮಂದಿ ಬದುವಿನ ಮೇಲೆ ಕುಳಿತೆವು. ರಾಮಲಿಂಗ ನಿಂತ ಡ್ರಮ್ಮಿನಿಂದ ಹಸಿ ಹುಲ್ಲನ್ನೆಲ್ಲ ಎಳೆದು ಹಾಕಿ ತಾನೂ ಬಂದು ಕುಳಿತ.

ಮಧ್ಯಾಹ್ನ ಸಾವಕಾರರ ಕಾರು ಬಂತು. ಹಿಂದೆಯೇ ನಾಗಲಿಂಗನ ಟ್ರ್ಯಾಕ್ಟರ್.

"ಯಾರು ಬಂದ್ ಮಾಡಾಕ ಹೇಳಿದವ್ರು?"

"ನಾನ್ರಿ," ಅಂದೆ.

"ಪದ್ಮವ್ವಾ, ನಿನ್ನ ಶಾಣ್ಯಾಕಿ ಅಂತ ತಿಳಕೊಂಡಿದ್ದೆ. ಮಗನ ಹೊಟ್ಟಿ ಮ್ಯಾಲ ನೀನ ಹೊಡೀತಿಯಲ್ಲ! ಹುಲ್ಲು ತಗದಾತಿಲ್ಲೋ? ನಾಗಲಿಂಗ, ವಾಯರ್ ಹಚ್ಚು."

ನಾಗಲಿಂಗ ವಾಯರ್ ಕೈಯಲ್ಲಿ ಹಿಡಿದು ನಮ್ಮ ಕಡೆ ನೋಡಿದ. ಹಚ್ಚಲಿಲ್ಲ.

"ಮತ್ತ ಕಟ್ಟತೈತಲ್ಲರಿ," ಅಂದಳು ಕಾಂತಾ. "ಆವಾಗ ಯಾರ ಕೈ?"

"ಎಚ್ಚರಲೇ ಮಾಡಬೇಕವಾ. ನಿನ್ನ ಗಂಡಗೂ ಎಚ್ಚರ ಇರಲಿಲ್ಲ."

"ನನ್ನ ಗಂಡಗ ಮನ್ಯಾಗ ಮೇವು ಕತ್ತರಸೂ ಮುಂದ ಆಗಿತ್ತಲ್ಲರಿ ಸಾವಕಾರ್ರ?"

ಯಾರೂ ನಗಲಿಲ್ಲ. ಸಾವಕಾರರ ಮುಖ ಕೆಂಪಾಯಿತು.

"ಎಲ್ಲ್ಯಾರ ಆಗಲಿ! ಇದೇನ ದೊಡ್ಡ ಕೆಲಸ? ಒಂದ ಮಿನಿಟಿನ ಮಾತು."

ರಾಮಲಿಂಗ ಎದ್ದ. ಹೋಗಿ ಡ್ರಮ್ಮಿನ ಬಾಗಿಲು ತೆರೆದು ಹಿಡಿದ.

"ಹಂಗಾರ ಬರ್ರಿ ಮಾಲಕ್ರ. ಎಂಜಿನ್ ಚಾಲೂ ಮಾಡ್ತೀನಿ. ಒಮ್ಮಿ ನೀವ ಕೈ ಹಾಕ್ರಿ."

"ನನಗೇನು ಗೊತ್ತೋ ಅದರ ಕೆಲಸ?"

"ಕಲಸ್ತೀನಿ ಬರ್ರಿ."

ಸಾವಕಾರರು ಬದುವಿನಿಂದ ಕೆಳಗೆ ಇಳಿಯಲಿಲ್ಲ. ಬಿಸಿಲು ಚುರುಗುಡುತ್ತಿತ್ತು. ಪೈರು ಗರಿಗರಿಯಾಗಿ ಒಣಗಿತ್ತು. ಕೊಯ್ಯಲು ಅದಕ್ಕಿಂತ ಒಳ್ಳೆಯ ಹೊತ್ತಿರಲಿಲ್ಲ.

ನಾವು ಆರೂ ಮಂದಿ ಏಳಲಿಲ್ಲ.