ಒಳಗೇನಿದೆ, ಹೇಳಿ

ಏಳು ವರ್ಷದ ಆ ಹುಡುಗಿಯನ್ನು ಮನೆಮಂದಿಯೆಲ್ಲ ಇನ್ಸ್‌ಪೆಕ್ಟರಮ್ಮ ಎಂದೇ ಕರೆಯುತ್ತಿದ್ದರು. ಹಾಲು, ಮೊಟ್ಟೆ, ಕಡಲೆಕಾಯಿ, ಈ ಮೂರರಲ್ಲಿ ಯಾವುದರ ಚೂರು ನಾಲಿಗೆಗೆ ತಾಗಿದರೂ ಅವಳ ತುಟಿ ಊದಿ, ಉಸಿರು ಕಟ್ಟಿ, ಎಲ್ಲರೂ ಎದ್ದೆವೋ ಬಿದ್ದೆವೋ ಎಂದು ಆಸ್ಪತ್ರೆಗೆ ಓಡಬೇಕಾಗುತ್ತಿತ್ತು. ಅದಕ್ಕೇ ಮಾತು ಬಂದಾಗಿನಿಂದ ಅಮ್ಮ ಅವಳಿಗೆ ಒಂದೇ ಪಾಠ ಕಲಿಸಿದ್ದಳು: ಯಾರೇ ಕೊಡಲಿ, ನಾನೇ ಕೊಡಲಿ, ಒಳಗೇನಿದೆ ಎಂದು ತಿಳಿಯದೆ ಬಾಯಿಗಿಡಕೂಡದು. ಹುಡುಗಿ ಅದನ್ನು ಎಷ್ಟು ಚೆನ್ನಾಗಿ ಕಲಿತಳೆಂದರೆ, "ಇವಳಿಗೆ ಒಂದು ಲೋಟ ನೀರು ಕೊಡೋಕೂ ಭಯ ಆಗುತ್ತೆ ಅತ್ತಿಗೆ" ಎಂದು ಚಿಕ್ಕಪ್ಪ ನಗುತ್ತಿದ್ದ.

ಶಾಲೆಯವರು ಮಾತ್ರ ನಗುತ್ತಿರಲಿಲ್ಲ. ಎರಡು ವರ್ಷದಿಂದ ಅಮ್ಮ ತರಗತಿಯ ಹೊರಗಿನ ಬೆಂಚಿನಲ್ಲಿ ಕಾವಲು ಕೂತು, ಟೈಲರ್ ಅಂಗಡಿಯಿಂದ ತಂದ ಅಂಗಿಗಳಿಗೆ ಕಾಜ, ಗುಂಡಿ ಹಾಕುತ್ತಿದ್ದಳು. ಅದೇ ಅಂಗಡಿಯಲ್ಲಿ ಹಿಂದೆ ಅವಳು ಅಳತೆ ಹಿಡಿದು ಬಟ್ಟೆ ಕತ್ತರಿಸುತ್ತಿದ್ದವಳು, ಅವಳ ಕತ್ತರಿಯ ಮಾತಿಗೆ ಎದುರಿರಲಿಲ್ಲ. ಈಗ ಹೆಡ್‌ಮಿಸ್ ಕಡ್ಡಿ ತುಂಡು ಮಾಡಿದಂತೆ ಹೇಳಿಬಿಟ್ಟಿದ್ದರು: "ಮುಂದಿನ ತಿಂಗಳಿಂದ ಹೀಗೆ ಕೂರೋಕೆ ಆಗಲ್ಲಮ್ಮ. ನೀವಿಲ್ದೆ ಮಗು ಇರಬಹುದು ಅಂತ ದೊಡ್ಡ ಡಾಕ್ಟರ ಹತ್ರ ಬರೆಸ್ಕೊಂಡು ಬನ್ನಿ. ಇಲ್ಲಾಂದ್ರೆ ಮನೇಲೇ ಓದಿಸ್ಕೊಳ್ಳಿ."

ಅಲರ್ಜಿ ತಜ್ಞೆಯ ಬಳಿ ಎಂಟು ತಿಂಗಳ ಹಿಂದೆ ಹೆಸರು ಬರೆಸಿದ್ದಕ್ಕೆ, ಪುಣ್ಯಕ್ಕೆ ಆ ವಾರವೇ ಸರದಿ ಬಂತು. ವಯಸ್ಸಿನ ಜೊತೆ ಹಾಲಿನ ಅಲರ್ಜಿಯಾದರೂ ಹೋಗಿರಬಹುದು, ತಿನ್ನಿಸಿ ನೋಡೋಣ ಎಂದರು ತಜ್ಞೆ. ಗೆಣಸಿನ ಮುದ್ದೆಯ ಆರು ಬಟ್ಟಲು ಒಂದರ ಹಿಂದೊಂದು, ಸ್ವಲ್ಪ ಸ್ವಲ್ಪ ಹೆಚ್ಚಾಗುತ್ತ ಬರುತ್ತವೆ. ಅವುಗಳಲ್ಲಿ ಹಾಲು ಬೆರೆತಿದೆಯೋ ಇಲ್ಲವೋ ಎಂಬುದು ಆಸ್ಪತ್ರೆಯ ಅಡುಗೆಯವಳಿಗೆ ಮಾತ್ರ ಗೊತ್ತು. ಇದು ಪರೀಕ್ಷೆಯ ನಿಯಮ. ಹಾಲೊಂದು ಹೋದರೆ ಶಾಲೆ ಕೇಳಿದ ಚೀಟಿ ಸಿಕ್ಕಂತೆಯೇ ಎಂದು ಅಮ್ಮ ಲೆಕ್ಕ ಹಾಕಿದ್ದಳು.

ನರ್ಸ್ ಮೊದಲ ಚಮಚ ಎತ್ತಿದಳು. "ಆ ಅನ್ನು ಪುಟ್ಟಿ."

"ಒಳಗೇನಿದೆ?"

"ಗೆಣಸು, ಚಿನ್ನಾ."

"ಗೆಣಸು ಮಾತ್ರನಾ?"

ನರ್ಸ್ ತಡವರಿಸಿದಳು. ಅಷ್ಟೇ ಸಾಕಾಯಿತು, ಹುಡುಗಿ ತುಟಿ ಬಿಗಿದು ಕೂತಳು. ಜಪ್ಪಯ್ಯ ಅಂದರೂ ಬಾಯಿ ಬಿಡಲಿಲ್ಲ.

"ನೀವೇ ಒಂದು ಮಾತು ಹೇಳೀಮ್ಮ," ಎಂದು ನರ್ಸ್ ಅಮ್ಮನ ಕಡೆ ತಿರುಗಿದಳು. "ಇವತ್ತು ತಪ್ಪಿದ್ರೆ ಮತ್ತೆ ಯಾವಾಗ ಸರದಿ ಬರುತ್ತೋ."

ಅಮ್ಮ ತಿನ್ನು ಎಂದರೆ ಮಗಳು ತಿನ್ನುತ್ತಾಳೆ. ಆದರೆ ನಾಳೆ ಇನ್ಯಾರೋ ತಿನ್ನು ಎಂದಾಗಲೂ ತಿನ್ನುತ್ತಾಳೆ. ಎಂಟು ತಿಂಗಳು ಕಾದದ್ದು ನೀರಿನಲ್ಲಿ ಹೋಮವಾದರೂ ಸರಿ ಎಂದು ಅವಳು ನೆಟ್ಟಗೆ ಕೂತಳು.

"ನಾನು ಹೇಳಲ್ಲ ಸಿಸ್ಟರ್. ಅವಳು ಸರಿಯಾಗೇ ಕೇಳ್ತಿದಾಳೆ."

ನರ್ಸ್ ಮುಖ ಗಂಟಿಕ್ಕಿಕೊಂಡು ತಜ್ಞೆಯನ್ನು ಕರೆತಂದಳು. ಅವರು ಸ್ಟೂಲು ಎಳೆದುಕೊಂಡು ಹುಡುಗಿಯ ಎದುರು ಕೂತು ಇದ್ದದ್ದನ್ನು ಇದ್ದಂತೆ ಹೇಳಿದರು. "ಇದ್ರಲ್ಲಿ ಹಾಲು ಇರಬಹುದು, ಇಲ್ಲದೇನೂ ಇರಬಹುದು. ನನಗೂ ಗೊತ್ತಿಲ್ಲ ಪುಟ್ಟಾ, ಪರೀಕ್ಷೆ ಮುಗಿಯೋವರೆಗೂ ಅದು ಗುಟ್ಟು."

"ಡಾಕ್ಟರಿಗೇ ಗೊತ್ತಿಲ್ವಾ? ಹಾಗಾದ್ರೆ ಗೊತ್ತಿರೋರನ್ನ ಕರೀರಿ."

ಅಡುಗೆಯವಳು ಸೆರಗಿಗೆ ಕೈ ಒರೆಸುತ್ತ ಬಂದಳು. ವಿಚಾರಣೆ ಶುರುವಾಯಿತು.

"ಹಾಲಿನ ವಿಷ್ಯ ಹೇಳ್ಬೇಡಿ, ಅದು ಗುಟ್ಟು. ಮೊಟ್ಟೆ, ಕಡಲೆಕಾಯಿ ಹಾಕಿದೀರಾ ಆಂಟಿ?"

"ಇಲ್ಲ ಕಂದಾ."

"ಸೌಟು ತೊಳೆದಿದ್ರಾ?"

"ಸೋಪು ಹಾಕಿ ತೊಳೆದಿದೀನಿ. ಎರಡು ಸಲ." ಪಾಪ, ಅವಳ ಹಣೆಯಲ್ಲಿ ಬೆವರು.

ಹುಡುಗಿ ಡಾಕ್ಟರ ಕಡೆ ತಿರುಗಿದಳು. "ಉಸಿರು ಕಟ್ಟಿದ್ರೆ ಕೊಡೋ ಇಂಜೆಕ್ಷನ್ ಎಲ್ಲಿಟ್ಟಿದೀರಾ?" ಅವರು ಟ್ರೇ ತೋರಿಸಿದರು. "ಸರಿ, ಈಗ ಕೊಡಿ."

ಮೂರು ಬಟ್ಟಲು ಸಲೀಸಾಗಿ ಇಳಿದವು. ನಾಲ್ಕನೆಯದರ ಅರ್ಧಕ್ಕೆ ಹುಡುಗಿ ಚಮಚ ಕೆಳಗಿಟ್ಟಳು. "ನಿಲ್ಸಿ. ಗಂಟಲೊಳಗೆ ಗೀರಿದ ಹಾಗೆ ಆಗ್ತಿದೆ."

ನರ್ಸ್ ಹುಡುಗಿಯ ಬೆರಳಿಗೆ ಸಿಕ್ಕಿಸಿದ್ದ ಯಂತ್ರ ನೋಡಿದಳು, ಮೈ ನೋಡಿದಳು. "ಏನೂ ಕಾಣ್ತಿಲ್ವಲ್ಲ ಮೇಡಂ. ಸುಮ್ನೆ ಹಟ ಇರಬೇಕು."

ತಜ್ಞೆ ಬಟ್ಟಲು ಎತ್ತಿಟ್ಟರು. ಎರಡು ನಿಮಿಷಕ್ಕೆ ತುಟಿಯ ಸುತ್ತ ಕೆಂಪು ಗಂಧೆಗಳೆದ್ದವು, ಕೆಮ್ಮು ಒತ್ತರಿಸಿ ಬಂತು. ತೊಡೆಗೆ ಇಂಜೆಕ್ಷನ್ ಬಿತ್ತು. ಹುಡುಗಿ ಹಲ್ಲು ಕಚ್ಚಿಕೊಂಡು ಹತ್ತರವರೆಗೆ ತಾನೇ ಎಣಿಸಿದಳು.

ಸಂಜೆಯ ಹೊತ್ತಿಗೆ ಮಗು ಚೇತರಿಸಿಕೊಂಡು ಎದ್ದು ಕೂತಿತು. ಬಟ್ಟಲಲ್ಲಿದ್ದದ್ದು ಹಾಲೇ. ಇನ್ನು ಚೀಟಿ ಎಲ್ಲಿಂದ ಬರಬೇಕು ಎಂದು ಅಮ್ಮ ಚೀಲ ಕಟ್ಟುತ್ತಿದ್ದಾಗ ತಜ್ಞೆ ಒಂದು ಹಾಳೆ ಕೈಗಿತ್ತರು. ಯಾವ ಮೂರು ಪದಾರ್ಥ ಕೂಡದು, ಔಷಧ ಹೇಗೆ ಕೊಡಬೇಕು ಎಂದು ಬರೆದು, ಕೆಳಗೆ ಸೇರಿಸಿದ್ದರು: "ಈ ಹುಡುಗಿ ತನ್ನ ಮೈಯ ಸುದ್ದಿಯನ್ನು ನಮ್ಮ ಯಂತ್ರಕ್ಕಿಂತ ಮೊದಲು ಹೇಳುತ್ತಾಳೆ. ಇವಳು ನಿಲ್ಲಿಸಿ ಎಂದಾಗ ನಿಲ್ಲಿಸುವ, ಇಂಜೆಕ್ಷನ್ ಕೊಡಲು ಕಲಿತ ಇಬ್ಬರು ಶಿಕ್ಷಕರು ಸಾಕು. ಅವರಿಗೆ ನಾವೇ ಕಲಿಸಿಕೊಡುತ್ತೇವೆ. ತಾಯಿ ಕಾವಲು ಕೂರಬೇಕಿಲ್ಲ."

ಅಮ್ಮ ಎರಡು ಸಲ ಓದಿದಳು. "ಹಾಗಾದ್ರೆ ನಾನು ಎಲ್ಲಿರಲಿ ಮೇಡಂ?"

"ನಿಮ್ಮ ಕೆಲಸಕ್ಕೆ ಹೋಗೀಮ್ಮ."

ಹೊರಗೆ ಸಾಲಿನಲ್ಲಿ ಮಗುವನ್ನು ಎತ್ತಿಕೊಂಡು ಕೂತಿದ್ದ ಇನ್ನೊಬ್ಬ ತಾಯಿ ಆತಂಕದಿಂದ ಕೇಳಿದಳು, "ಟೆಸ್ಟ್ ಏನಾಯ್ತು ಅಕ್ಕಾ? ಪಾಸಾ, ಫೇಲಾ?"

"ಹಾಲು ಫೇಲಾಯ್ತು ಕಣಮ್ಮ," ಎಂದಳು ಅಮ್ಮ, ಇಡೀ ಸಾಲಿಗೆ ಕೇಳುವಷ್ಟು ಗಟ್ಟಿಯಾಗಿ. "ನನ್ನ ಮಗಳು ಪಾಸಾದ್ಲು."